ಹಳೆಯ ಮೋಟಾರಿನ ನಾಡಿಪರೀಕ್ಷೆ



ಕಳೆದ ವೈಶಾಖದ ಒಂದು ಮಧ್ಯಾಹ್ನ, ವೃದ್ಧರಾದ ನಮ್ಮ ತಾಯಿಯವರನ್ನು ಕೊಡಂಬಲದ ಮನೆಯಿಂದ ಹುಮನಾಬಾದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿದ್ದಿತು. ಆಗತಾನೆ ದೂರದಿಂದ ಬಂದು ಅಂಗಳದ ಬಿಸಿಲಿನಲ್ಲಿ ನಿಂತಿದ್ದ ನಮ್ಮ ಹಳೆಯ ಅಂಬಾಸಿಡರ್ ಕಾರು, ಒಮ್ಮೆ ಗುಡುಗಿ ಸುಮ್ಮನಾಯಿತು. ಅದರ ಆಯುಷ್ಯ ತೀರಿತೆಂದರು ನೆರೆಯವರು.

ಪೆಟ್ರೋಲ್ ಇಂಜಿನ್ನು ಹಠಾತ್ತಾಗಿ ನಿಂತರೆ ಮೊದಲು ವಿಚಾರಿಸತಕ್ಕವು ಎರಡೇ: ಕಿಡಿಯುಂಟೆ? ಪೆಟ್ರೋಲುಂಟೆ? ಒಂದು ಪ್ಲಗ್ಗನ್ನು ಬಿಚ್ಚಿ ಪರೀಕ್ಷಿಸಿದೆವು. ನೀಲಿಯ ಕಿಡಿ ಚೆನ್ನಾಗಿಯೇ ಹಾರಿತು. ಆದರೆ ಪ್ಲಗ್ಗಿನ ತುದಿಯಲ್ಲಿ ಪೆಟ್ರೋಲಿನ ತೇವವೇ ಇರಲಿಲ್ಲ. ಟ್ಯಾಂಕಿನಲ್ಲೋ ಪೆಟ್ರೋಲು ಅರ್ಧದಷ್ಟಿದ್ದಿತು. ಹಾಗಾದರೆ ತಡೆಯು ನಡುದಾರಿಯಲ್ಲಿರಬೇಕಲ್ಲವೆ?

ಗಾಡಿ ಓಡುವಾಗ ಬೀಸುವ ಗಾಳಿಯು ನಿಂತೊಡನೆ ತಪ್ಪುವುದು. ಆಗ ಇಂಜಿನ್ನಿನ ಶಾಖಕ್ಕೆ ಪಂಪಿನೊಳಗಿನ ಪೆಟ್ರೋಲು ಆವಿಯಾಗುವುದುಂಟು. ದ್ರವವನ್ನು ತಳ್ಳುವ ಪಂಪು ಆವಿಯನ್ನು ತಳ್ಳಲಾರದು. ಬಾನೆಟ್ಟನ್ನು ತೆರೆದಿಟ್ಟು, ನೀರನ್ನು ಸುರಿಯದೆ, ಹಿಂಡಿದ ಒದ್ದೆ ಬಟ್ಟೆಯನ್ನು ಪಂಪಿಗೆ ಹೊದಿಸಿ ಕಾಲು ಗಂಟೆ ಕಾದೆವು. ಇಂಜಿನ್ನು ಎಚ್ಚೆತ್ತಿತು, ತಾಯಿಯವರು ಹೊತ್ತಿಗೆ ವೈದ್ಯರನ್ನು ಕಂಡರು.

ಅಂಬಾಸಿಡರಿನ ತಯಾರಿಕೆಯು 2014ರಲ್ಲಿಯೇ ನಿಂತಿತು. ಉಳಿದಿರುವ ಗಾಡಿಗಳು ಮುಪ್ಪಿನವು, ನಿಜ. ಆದರೂ ಮುಪ್ಪನ್ನು ದೂರುವ ಮೊದಲು ರೋಗವನ್ನು ವಿಚಾರಿಸುವುದು ಲೇಸು.