ಅರಿಶಿನ ಚರ್ಮದೊಳಗೆ ಎಷ್ಟು ದೂರ ಹೋಗುತ್ತದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ "ಸಾಧನೆಯ ಹಾದಿ" ಎಂಬ ವಿಷಯ ಕೊಟ್ಟಿದ್ದರು. ಅದು ನನ್ನಿಂದ ಆಗದು, ನನ್ನ ಕೆಲಸದ ಬಗ್ಗೆ ಮಾತನಾಡುತ್ತೇನೆ ಎಂದೆ. ನಾನು ಬೆಂಗಳೂರಿನಲ್ಲಿ ಒಂದು ಔಷಧ ಪ್ರಯೋಗಾಲಯದಲ್ಲಿದ್ದೇನೆ. ಹಚ್ಚಿದ ಮುಲಾಮು ಚರ್ಮದೊಳಗೆ ಎಷ್ಟು ಇಳಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಅದಕ್ಕೆ ಹಂದಿಯ ಕಿವಿಯ ಚರ್ಮ ಬಳಸುತ್ತೇವೆ, ಅದು ಮನುಷ್ಯರ ಚರ್ಮಕ್ಕೆ ಬಹಳ ಹತ್ತಿರ. ಇದು ಗೊತ್ತಾದ ದಿನದಿಂದ ನಮ್ಮ ಅವ್ವ ನಾನು ಊರಿಗೆ ಬಂದರೆ ಮೊದಲು ಬಚ್ಚಲಿಗೆ ಕಳಿಸುತ್ತಾಳೆ, ಆಮೇಲೆ ಅಡುಗೆಮನೆ.

ಈ ಕೆಲಸಕ್ಕೆ ನಾನು ಯಾಕೆ ಹೋದೆ ಎಂಬುದು ಇದೇ ಮೈದಾನದಲ್ಲಿ ಶುರುವಾದದ್ದು. ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮದೊಂದು ಕೋಲಾಟದ ತಂಡವಿತ್ತು. ನೋಡಲು ಬಂದ ದೊಡ್ಡವರೊಬ್ಬರು "ಆ ಕರೀ ಹುಡುಗಿಯನ್ನು ಹಿಂದಿನ ಸಾಲಿಗೆ ಹಾಕಿ" ಎಂದರು. ಬೇಕೆಂದು ನೋಯಿಸಲು ಹೇಳಿದ್ದಲ್ಲ. ಆಗ ಹಾಗೆ ಹೇಳುವುದು ಮಾಮೂಲು. ಮರುದಿನ ಬೆಳಿಗ್ಗೆ ನಾನು ಹಿತ್ತಲಿನ ನಿಂಬೆಹಣ್ಣು ಹೆಚ್ಚಿ ಎರಡೂ ಕೆನ್ನೆಗೆ ತಿಕ್ಕಿಕೊಂಡು, ತೊಳೆಯದೆ ಶಾಲೆಗೆ ಬಂದೆ. ಮಧ್ಯಾಹ್ನದವರೆಗೂ ಬಿಸಿಲಿನಲ್ಲಿ ಅಭ್ಯಾಸ. ಅದರ ಮರುದಿನ ಉರಿ, ಮೂರನೆಯ ದಿನ ಗುಳ್ಳೆ. ಗುಳ್ಳೆ ಒಣಗಿದ ಮೇಲೆ ಉಳಿದ ಕಂದು ಕಲೆ ಒಂದು ವರ್ಷ ಹೋಗಲಿಲ್ಲ. ಬೆಳ್ಳಗಾಗಲು ಹೋದವಳು ಇನ್ನಷ್ಟು ಕಪ್ಪಾದೆ. ನಿಂಬೆಹಣ್ಣು ಹೀಗೇಕೆ ಮಾಡಿತು ಎಂದು ಹೇಳುವವರು ಆಗ ಯಾರೂ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೆಚ್ಚಿದ ಬದನೆಕಾಯಿ ಹಾಗೇ ಇಟ್ಟರೆ ಕಪ್ಪಾಗುತ್ತದಲ್ಲ, ಅದು ಗಾಳಿಯ ಆಮ್ಲಜನಕದ ಕೆಲಸ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಪ್ಪಾಗುವುದು ತಡವಾಗುತ್ತದೆ. ಹೀಗೆ ತಡೆಯುವ ವಸ್ತುಗಳಿಗೆ ಪಠ್ಯಪುಸ್ತಕದಲ್ಲಿ ಉತ್ಕರ್ಷಣ ನಿರೋಧಕ ಎನ್ನುತ್ತಾರೆ, ಜಾಹೀರಾತಿನಲ್ಲಿ ಆಂಟಿಆಕ್ಸಿಡೆಂಟ್. ನಿಂಬೆ, ನೆಲ್ಲಿಯ ಸಿ ಜೀವಸತ್ವ, ಅರಿಶಿನದ ಕರ್ಕ್ಯುಮಿನ್, ಹಸಿರು ಚಹಾದ ಕ್ಯಾಟೆಚಿನ್, ರಾಗಿ ತೌಡಿನ ಫೆರುಲಿಕ್ ಆಮ್ಲ ಎಲ್ಲವೂ ಇದೇ ಕುಲ. ಬಿಸಿಲು ಬಿದ್ದಾಗ ನಮ್ಮ ಚರ್ಮದಲ್ಲೂ ಇಂಥದೇ ಹಾನಿ ನಡೆಯುತ್ತದೆ. ಹಾಗಾದರೆ ಇವನ್ನು ಮೈಗೆ ಹಚ್ಚಿದರೆ ಸಾಕಲ್ಲವೇ? ಅಂಗಡಿಯವನು ಹೇಳುವುದೂ ಅದನ್ನೇ. ಆದರೆ ನಡುವೆ ಒಂದು ಗೋಡೆ ಇದೆ.

ಚರ್ಮದ ತೀರಾ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ತಲೆಗೂದಲಿಗಿಂತ ತೆಳು, ಆದರೆ ಕಟ್ಟಡ ಮಾತ್ರ ಗಟ್ಟಿ. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಮಳೆಯಲ್ಲಿ ನೆನೆದರೂ ನಾವು ಬಟ್ಟೆಯ ಹಾಗೆ ನೀರು ಹೀರುವುದಿಲ್ಲ, ಕಾರಣ ಇದೇ. ಈ ಗೋಡೆ ದಾಟಬೇಕಾದರೆ ಮೊದಲು ಅಣು ಚಿಕ್ಕದಿರಬೇಕು. 2000ನೇ ಇಸವಿಯಲ್ಲಿ ನೆದರ್ಲೆಂಡ್ಸಿನ ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ಒಂದು ಲೆಕ್ಕ ಮುಂದಿಟ್ಟರು: ಅಣುತೂಕ 500 ದಾಟಿದರೆ ಒಳಗೆ ಹೋಗುವುದು ಕಷ್ಟ. ಜಲಜನಕದ ಪರಮಾಣು 1 ಎಂದು ಹಿಡಿದ ಲೆಕ್ಕ ಇದು, ಹತ್ತನೇ ತರಗತಿಯವರಿಗೆ ಗೊತ್ತಿರುತ್ತದೆ. ಕರ್ಕ್ಯುಮಿನ್ನಿನ ಅಣುತೂಕ 368. ಜರಡಿಯಲ್ಲಿ ಪಾಸು. ಆದರೆ ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬೇಕು. ಜಿಡ್ಡಿನ ಗಾರೆಯೊಳಗೆ ಸೇರಿಕೊಳ್ಳುತ್ತದೆ, ಕೆಳಗಿನ ಜೀವಂತ ಪದರ ನೀರಿನಿಂದ ತುಂಬಿದ್ದು, ಅಲ್ಲಿಗೆ ಇಳಿಯಲು ಒಲ್ಲೆ ಎನ್ನುತ್ತದೆ.

ಇದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಮುಂಗೈಗೆ ಅರಿಶಿನ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಹಳದಿ ಉಳಿಯುತ್ತದೆ. ಒಣಗಿದ ಮೇಲೆ ಪುಸ್ತಕಕ್ಕೆ ಅಂಟಿಸುವ ಟೇಪನ್ನು ಒತ್ತಿ ಕೀಳಿ, ಅದೇ ಜಾಗದಲ್ಲಿ ಇನ್ನೊಂದು, ಮತ್ತೊಂದು. ಸಾಲಾಗಿ ಬಿಳಿ ಹಾಳೆಗೆ ಅಂಟಿಸಿ. ಪ್ರತಿ ಟೇಪಿಗೂ ಸತ್ತ ಪದರದ ಒಂದೊಂದು ಪೊರೆ ಬರುತ್ತದೆ, ಅದರ ಜೊತೆ ಬಣ್ಣವೂ ಬರುತ್ತದೆ. ನಾಲ್ಕೈದು ಸಾಕು, ಚರ್ಮ ಕೆಂಪಾಗುವ ತನಕ ಕೀಳಬೇಡಿ. ಹುಡುಗಾಟ ಎಂದುಕೊಳ್ಳಬೇಡಿ, ನಮ್ಮ ಪ್ರಯೋಗಾಲಯದಲ್ಲೂ ಇದೇ ವಿಧಾನ, ಟೇಪು ಮಾತ್ರ ದುಬಾರಿ. ಮದುವೆಯ ಅರಿಶಿನ ಕೆಲವೇ ದಿನಗಳಲ್ಲಿ ಹೋಗುವುದೂ ಇದಕ್ಕೇ: ಬಣ್ಣ ಕುಳಿತ ಪದರವೇ ಉದುರುತ್ತದೆ, ಉಳಿದದ್ದನ್ನು ಬಿಸಿಲು ಮುರಿದುಹಾಕುತ್ತದೆ. ಹಾಗೆಂದು ಅರಿಶಿನ ದಂಡ ಎನ್ನುತ್ತಿಲ್ಲ. ಸಣ್ಣಪುಟ್ಟ ಕ್ರಿಮಿಗಳ ಮೇಲೆ ಅದು ಹೊರಗೇ ನಿಂತು ಕೆಲಸ ಮಾಡಬಲ್ಲದು. ಅದರ ಗುಣ "ರಕ್ತಕ್ಕಿಳಿದು ಬಣ್ಣ ಬದಲಿಸುತ್ತದೆ" ಎಂಬ ಮಾತಿಗೆ ಮಾತ್ರ ಆಧಾರವಿಲ್ಲ.

ಸಿ ಜೀವಸತ್ವದ ಕಥೆ ಬೇರೆ. ಅಣು ಬಹಳ ಚಿಕ್ಕದು, 176. ಆದರೆ ನೀರಿಗೆ ಒಲಿದದ್ದು. ಸಾಮಾನ್ಯ ಸ್ಥಿತಿಯಲ್ಲಿ ಅದರ ಮೇಲೆ ವಿದ್ಯುದಂಶ ಇರುವುದರಿಂದ ಜಿಡ್ಡಿನ ಗಾರೆ ಅದನ್ನು ಹೊರಗೇ ನಿಲ್ಲಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದು ಇದನ್ನು: ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿದ್ದರೆ ಮಾತ್ರ ಅದು ಚೆನ್ನಾಗಿ ಇಳಿಯುತ್ತದೆ, ಅದೂ ನೂರಕ್ಕೆ 20ರ ಸಾಂದ್ರತೆಯವರೆಗೆ ಏರುತ್ತದೆ, ಅದಕ್ಕಿಂತ ಹೆಚ್ಚು ಹಾಕಿದರೆ ಪ್ರಯೋಜನವಿಲ್ಲ. ಮುಂದೆ 2005ರಲ್ಲಿ, ನೂರಕ್ಕೆ 15 ಸಿ ಮತ್ತು 1 ಇ ಜೀವಸತ್ವದ ದ್ರಾವಣಕ್ಕೆ ಸ್ವಲ್ಪ ಫೆರುಲಿಕ್ ಆಮ್ಲ ಬೆರೆಸಿದಾಗ ಬಿಸಿಲಿನ ಹಾನಿಯ ವಿರುದ್ಧ ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಾಯಿತು. ಅಂದರೆ ಗಿಡದ ವಸ್ತು ಒಳಗೆ ಹೋಗಿ ಕೆಲಸ ಮಾಡಬಲ್ಲದು, ಸುಳ್ಳಲ್ಲ. ಆದರೆ ನಮ್ಮ ನಿಂಬೆರಸದಲ್ಲಿ 100 ಗ್ರಾಮಿಗೆ ಸಿ ಜೀವಸತ್ವ ಇರುವುದು ಸುಮಾರು 30 ಮಿಲಿಗ್ರಾಂ. ಆ ದ್ರಾವಣದಲ್ಲಿ ಇದ್ದದ್ದು 15 ಗ್ರಾಂ. ಮಕ್ಕಳೇ, ಲೆಕ್ಕ ಹಾಕಿ. ಐನೂರು ಪಟ್ಟು.

ಹಾಗಾದರೆ ನನ್ನ ಕೆನ್ನೆಗೆ ಇಳಿದದ್ದು ಏನು? ನಿಂಬೆಯಲ್ಲಿ, ಅದರ ಸಿಪ್ಪೆಯಲ್ಲಿ ಹೆಚ್ಚಾಗಿ, ಸೊರಾಲೆನ್ ಜಾತಿಯ ವಸ್ತುಗಳಿವೆ. ಅಣು ಚಿಕ್ಕದು, ಜಿಡ್ಡಿನಲ್ಲಿ ಕರಗುತ್ತದೆ, ಗೋಡೆ ದಾಟುವುದು ಅದಕ್ಕೆ ಸುಲಭ. ಒಳಗೆ ಕುಳಿತ ಮೇಲೆ ಬಿಸಿಲು ಬಿದ್ದರೆ ಜೀವಕೋಶವನ್ನೇ ಸುಡುತ್ತದೆ. ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಕೂರಿಸುವ ಹಳೆಯ ಪದ್ಧತಿ ಇದೆಯಲ್ಲ, ಅದರಲ್ಲಿರುವುದೂ ಸೊರಾಲೆನ್ನೇ. ಅಳತೆ ತಿಳಿದ ವೈದ್ಯರ ಕೈಯಲ್ಲಿ ಅದು ಔಷಧ. ನನ್ನ ಕೈಯಲ್ಲಿ ಆದದ್ದನ್ನು ಹೇಳಿದೆ. ಬರಲಿ ಎಂದು ಹಚ್ಚಿದ್ದು ಬಾಗಿಲಲ್ಲೇ ನಿಂತಿತು, ಕರೆಯದೇ ಇದ್ದದ್ದು ಒಳಗೆ ಬಂತು. ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಮೇಲೂ ನನಗೆ ಇದೇ ಅಚ್ಚರಿ.

ಇದನ್ನು ಇವತ್ತು ಹೇಳಲು ಕಾರಣವಿದೆ. ಕಳೆದ ಜಾತ್ರೆಯಲ್ಲಿ ನಮ್ಮ ಬಳಗದ ಒಬ್ಬ ಹುಡುಗಿಯ ಮುಖ ನೋಡಿದೆ. ಕೆಂಪಗೆ, ತೆಳ್ಳಗೆ, ರಕ್ತನಾಳ ಕಾಣುವಷ್ಟು. ಎರಡು ವರ್ಷದಿಂದ "ಗಿಡಮೂಲಿಕೆ ಕ್ರೀಮು" ಹಚ್ಚುತ್ತಿದ್ದಳಂತೆ. ಡಬ್ಬಿಯ ಮೇಲೆ ಎಲೆಯ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಸೋನ್. ಅದು ಸ್ಟೀರಾಯ್ಡ್. ಮುಖದ ಚರ್ಮ ಮುಂಗೈಯದಕ್ಕಿಂತ ಬಹಳ ಸಡಿಲ ಗೋಡೆ. 1967ರಲ್ಲಿ ಒಂದು ಸ್ಟೀರಾಯ್ಡನ್ನು ಹಚ್ಚಿ ಅಳೆದಾಗ ಮುಂಗೈಗಿಂತ ಹಣೆಯಲ್ಲಿ ಆರು ಪಟ್ಟು, ದವಡೆಯ ಬಳಿ ಹದಿಮೂರು ಪಟ್ಟು ಒಳಗೆ ಹೋಗಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂದು ನಿಮಗೇ ಗೊತ್ತು. ಹಚ್ಚುತ್ತಿರುವವರು ಗಾಬರಿಯಿಂದ ಒಮ್ಮೆಲೇ ಬಿಡಬೇಡಿ, ಉರಿ ಹೆಚ್ಚಬಹುದು. ಚರ್ಮದ ವೈದ್ಯರಿಗೆ ತೋರಿಸಿ ಬಿಡಿ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ. ನಮ್ಮ ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಇದೆಯಲ್ಲ, ಅದೂ ಒಂದು ಉತ್ಕರ್ಷಣ ನಿರೋಧಕವೇ. ಬಿಸಿಲಿನ ಕಿರಣವನ್ನೂ ಹೀರುತ್ತದೆ. ಗೋಡೆ ದಾಟುವ ತಾಪತ್ರಯ ಅದಕ್ಕಿಲ್ಲ, ಒಳಗೇ ಹುಟ್ಟಿದ್ದು. ಒಂಬತ್ತನೇ ತರಗತಿಯಲ್ಲಿ ನಾನು ನಿಂಬೆಹಣ್ಣಿನಿಂದ ಉಜ್ಜಿ ಕಳೆಯಲು ಹೊರಟದ್ದು ಅದನ್ನೇ.

ನಿಂಬೆ, ನೆಲ್ಲಿ, ಪೇರಲ ತಿನ್ನಿ. ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಚರ್ಮಕ್ಕೆ ಸಿ ಜೀವಸತ್ವ ಹೋಗಲು ದಾರಿ ಇದೆ, ಅಲ್ಲಿ ಈ ಗೋಡೆ ಅಡ್ಡ ಬರುವುದಿಲ್ಲ. ಹೊಲಕ್ಕೆ ಹೋಗುವಾಗ ತಲೆಗೆ ಟವಲು, ಮೈಗೆ ತುಂಬುತೋಳು. ನಿಂಬೆ ಹಿಂಡಿದ ಕೈ ತೊಳೆದು ಬಿಸಿಲಿಗೆ ಹೋಗಿ.

ನನಗೆ ಕೊಟ್ಟ ಸಮಯ ಆಗಲೇ ಮೀರಿದೆ, ಮುಖ್ಯೋಪಾಧ್ಯಾಯರು ಗಡಿಯಾರ ನೋಡುತ್ತಿದ್ದಾರೆ. ಊಟ ಆದ ಮೇಲೆ ಹಳೆಯ ಪ್ರಯೋಗಾಲಯದ ಕೋಣೆಯಲ್ಲಿ ಸಂಜೆ ಐದರವರೆಗೆ ಕುಳಿತಿರುತ್ತೇನೆ. ಮನೆಯಲ್ಲಿರುವ ಟ್ಯೂಬು, ಡಬ್ಬಿ ಏನಿದ್ದರೂ ತನ್ನಿ, ಹಿಂದಿನ ಸಣ್ಣ ಅಕ್ಷರ ಓದಿ ಹೇಳುತ್ತೇನೆ. ಯಾರದು, ಯಾಕೆ ಹಚ್ಚುತ್ತೀರಿ ಎಂದು ಕೇಳುವುದಿಲ್ಲ.