ಸ್ಟೀರಿಂಗಿಗೆ ಎಣ್ಣೆಯ ಬಲ



ಮಾಗಡಿ ತಾಲ್ಲೂಕಿನ ಕಲ್ಯದಂಥ ಊರಿನ ಕಿರುದಾರಿಯಲ್ಲಿ ಚಾಲಕರು ಕಾರನ್ನು ಸಲೀಸಾಗಿ ತಿರುಗಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಟನ್ನಿಗೂ ಮಿಕ್ಕಿದ ಭಾರ ಹೊತ್ತ ಚಕ್ರಗಳು ಅಷ್ಟು ಹಗುರವಾಗಿ ಹೊರಳುವುದು ಹೇಗೆ?

ಇದೇ ಸೀಮೆಯ ಬಿಡದಿಯಲ್ಲಿ 2005ರಲ್ಲಿ ತಯಾರಾಗತೊಡಗಿದ ಇನ್ನೋವಾ ಕಾರನ್ನೇ ನೋಡೋಣ. ಅಲ್ಲಿ ಚಾಲಕರಿಗೆ ನೆರವಾಗುವುದು ಎಣ್ಣೆ. ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒಂದು ಕವಾಟಕ್ಕೆ ನೂಕುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಕವಾಟದೊಳಗಿನ ಉಕ್ಕಿನ ಸರಳು ತುಸು ತಿರುಚಿಕೊಂಡು ಎಣ್ಣೆಗೆ ದಾರಿ ತೆರೆಯುತ್ತದೆ. ಎಣ್ಣೆಯು ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ, ಚಕ್ರಗಳನ್ನು ಹೊರಳಿಸುವ ಹಲ್ಲಿನ ದಂಡವನ್ನು ತಳ್ಳುತ್ತದೆ. ಇನ್ನೊಂದು ಬದಿಯ ಎಣ್ಣೆ ತನ್ನ ಡಬ್ಬಿಗೆ ಮರಳುತ್ತದೆ. ಎಣ್ಣೆಯ ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸಿದರೆ ದೊರೆಯುವುದೇ ಆ ಬಲ. ಪಾಠದಲ್ಲಿ ಓದಿದ ಪ್ಯಾಸ್ಕಲನ ನಿಯಮವನ್ನು ನೆನಪಿಸಿಕೊಳ್ಳಿ.

ಇಂಧನ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುವವರಿದ್ದಾರೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಸ್ಟೀರಿಂಗಿಗೂ ಚಕ್ರಕ್ಕೂ ಇರುವ ಕೊಂಡಿ ಕಳಚುವುದಿಲ್ಲ, ನಿಜ. ಆದರೆ ಎಣ್ಣೆ ಹೊರುತ್ತಿದ್ದ ಹೊರೆಯೆಲ್ಲ ಒಮ್ಮೆಲೇ ತೋಳುಗಳ ಮೇಲೆ ಬೀಳುತ್ತದೆ. ಕೀಲಿ ತೆಗೆದರಂತೂ ಸ್ಟೀರಿಂಗಿಗೆ ಬೀಗವೇ ಬಿದ್ದೀತು. ತಿರುವಿನ ನಡುವೆ ಇದು ಅರಿವಿಗೆ ಬಂದರೆ ಏನು ಪ್ರಯೋಜನ? ನಿಮ್ಮ ಮನೆಯಲ್ಲಿ ಕಾರು ಓಡಿಸುವವರಿಗೆ ಈ ಮಾತನ್ನು ಇಂದೇ ತಿಳಿಸಿ.