ಅಜ್ಜಿಯ ಬೆಳ್ಳಿ ರೂಪಾಯಿ, ನೇತಾಜಿಯ 75 ರೂಪಾಯಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಕೇಳ್ತಿದ್ದೀರಾ? ಅಜ್ಜಿ ಲಕ್ಷ್ಮಿ ಪೂಜೆಗೆ ಇಡೋ ಹಳೇ ರೂಪಾಯಿನ ಒಂಚೂರು ಈಚೆ ತೆಗೀರಿ.

ಎರಡನೇ ಮಹಾಯುದ್ಧದ ನಡುವೆ, 1943ರ ಡಿಸೆಂಬರ್ 30ರಂದು, ನೇತಾಜಿ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಅದರ 75ನೇ ವರ್ಷಕ್ಕೆ, 2018ರಲ್ಲಿ, ಕೇಂದ್ರ ಸರ್ಕಾರ 75 ರೂಪಾಯಿ ನಾಣ್ಯ ತಂತು. ತೂಕ 35 ಗ್ರಾಂ. ಬೆಳ್ಳಿ ಅಂತಾರೆ, ಆದ್ರೆ ಅರ್ಧ ಮಾತ್ರ. ಮಿಕ್ಕಿದ್ದು ತಾಮ್ರ, ನಿಕ್ಕಲ್, ಸತು.

ಮಜಾ ಏನು ಗೊತ್ತಾ? ಅದೇ ಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟಿಷರು ರೂಪಾಯಿಯನ್ನೂ ಇದೇ ಅರ್ಧ ಬೆಳ್ಳಿಗೆ ಇಳಿಸಿದ್ರು! ಹಾಗಾಗಿ ಅಜ್ಜಿ ನಾಣ್ಯದ ಇಸವಿ ನೋಡಿ. ಐದನೇ ಜಾರ್ಜ್ ಇದ್ರೆ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಆರನೇ ಜಾರ್ಜ್, 1940ರಿಂದ 45 ಅಂದ್ರೆ ಅರ್ಧ. 1947ರದ್ದು ಬರೀ ನಿಕ್ಕಲ್, ಆಯಸ್ಕಾಂತಕ್ಕೆ ಅಂಟುತ್ತೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ರೇಟ್ ಹೇಳಿದ್ರೆ ಕೊಡ್ಬೇಡಿ.